ತಂಗಿಗೆ ನಾನು ಹಾಕಿಕೊಡದ ಗ್ರಾಫಿಕ್ಸ್ ಕಾರ್ಡ್

ಪ್ರೀತಿಯ ಗೀಚಿ,

ಕಾಗದ ನೋಡಿ ಗಾಬರಿಯಾಗಬೇಡ, ನಾವೆಲ್ಲ ಚೆನ್ನಾಗಿದ್ದೇವೆ. ಮೂರು ಬೀದಿ ಆಚೆ ಇರುವ ತಂಗಿಗೆ ಅಣ್ಣ ಕಾಗದ ಬರೆಯುತ್ತಾನೆಂದರೆ ಏನೋ ಎಡವಟ್ಟಾಗಿದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಎಡವಟ್ಟು ಆಗಿರುವುದು ನಿಜವೇ. ಆಗಿ ಆರು ವರ್ಷವಾಯಿತು, ನನಗೆ ಗೊತ್ತಾಗಿದ್ದು ಮಾತ್ರ ಮೊನ್ನೆ ಶನಿವಾರ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಹೇಗೆ ಅಂತ ನಿನಗೆ ಗೊತ್ತು. ನೀನು ಒಂದು ಮಾತು ಆಡುವಷ್ಟರಲ್ಲಿ ನಾನು ಹತ್ತು ಆಡಿ, ಕೊನೆಗೆ ನೀನೇ ನನ್ನನ್ನು ಸಮಾಧಾನ ಮಾಡಿ ಇಟ್ಟುಬಿಡುತ್ತೀಯ. ಈ ಸಲ ಹಾಗಾಗುವುದು ಬೇಡ ಅನ್ನಿಸಿತು.

ನಲವತ್ತರ ಹತ್ತಿರ ಬಂದವಳನ್ನು ಇನ್ನೂ ಗೀಚಿ ಎಂದು ಕರೆಯುತ್ತಾನಲ್ಲ ಎಂದು ನಮ್ಮ ಭಾವನವರು, ನಿನ್ನ ಯಜಮಾನರು, ನಗುತ್ತಾರೆ. ಅವರಿಗೇನು ಗೊತ್ತು. ನಾವಿದ್ದ ಬಾಡಿಗೆ ಮನೆಯ ಒಂದು ಗೋಡೆಯನ್ನೂ ನೀನು ಗೀಚದೆ ಬಿಟ್ಟಿರಲಿಲ್ಲ. ಮನೆ ಖಾಲಿ ಮಾಡುವಾಗ ಅಪ್ಪ ಎರಡು ದಿನ ರಜೆ ಹಾಕಿ ಸುಣ್ಣ ಬಳಿದಿದ್ದರು. ಬಳಿಯುವಾಗ ಒಂದು ಕಡೆ ಕೈ ನಿಲ್ಲಿಸಿ, "ಈ ಬೆಕ್ಕು ಮಾತ್ರ ಅಳಿಸೋಕೆ ಮನಸ್ಸು ಬರ್ತಿಲ್ಲ ಕಣೋ" ಅಂದಿದ್ದರು. ಆಗ ನನಗೆ ಹದಿನಾರು ವರ್ಷ. ಎಲ್ಲ ಗೊತ್ತಿರುವ ವಯಸ್ಸು. "ಅಳಿಸಪ್ಪಾ, ಓನರು ಬೈತಾರೆ" ಅಂದವನು ನಾನೇ.

ಶುಕ್ರವಾರ ಮಧ್ಯಾಹ್ನ ಭಾವನವರು ನಿನ್ನ ಕಂಪ್ಯೂಟರನ್ನು ಹಳೆಯ ಹೊದಿಕೆಯಲ್ಲಿ ಸುತ್ತಿಕೊಂಡು ಅಂಗಡಿಗೆ ತಂದರು. "ಇದನ್ನ ಯಾರಿಗಾದ್ರೂ ಮಾರಿಬಿಡಬೇಕಂತೆ ಭಾವ. ಅವಳಿಗೆ ಇನ್ನು ಬೇಡವಂತೆ" ಅಂದರು. ಹೊಸದು ತಗೊಳ್ತಾಳಾ ಎಂದು ಕೇಳಿದೆ. "ಇಲ್ಲ, ಚಿತ್ರದ ಕೆಲಸಾನೇ ಬಿಡ್ತಾಳಂತೆ" ಅಂದರು. ನಾನು ಏನು ಮಾಡಿದೆ ಗೊತ್ತಾ? ತಲೆಯಾಡಿಸಿದೆ. "ಸರಿ ಬಿಡಿ, ಕಣ್ಣಿಗೂ ಒಳ್ಳೇದು" ಅಂದೆ. ಮೇಲೆ ಅವರಿಗೆ ಕಾಫಿ ತರಿಸಿ, ಕಂಪ್ಯೂಟರುಗಳ ಬೆಲೆ ಹೇಗೆ ಏರಿದೆ ಎಂದು ಅರ್ಧ ಗಂಟೆ ಕೊರೆದೆ. ಪಾಪ, ಅವರು ಕೂತು ಕೇಳಿದರು. ಹೋಗುವಾಗ ಬಾಗಿಲಲ್ಲಿ ಒಂದು ಕ್ಷಣ ನಿಂತಿದ್ದರು. ಏನೋ ಹೇಳಬೇಕೆಂದಿದ್ದರು ಅಂತ ಈಗ ತಿಳಿಯುತ್ತಿದೆ, ಆಗ ನಾನು ಇನ್ನೊಬ್ಬ ಗಿರಾಕಿಯ ಕಡೆ ತಿರುಗಿದ್ದೆ.

ಅಂಗಡಿಯಲ್ಲಿ ನನ್ನ ರೀತಿ ನಿನಗೆ ಸ್ವಲ್ಪ ಗೊತ್ತು, ಪೂರ್ತಿ ಗೊತ್ತಿಲ್ಲ. ಕಂಪ್ಯೂಟರ್ ಕಟ್ಟಿಸಲು ಬಂದವರು ಮೊದಲು ಪ್ರೊಸೆಸರ್ ಯಾವುದು, ಮೆಮೊರಿ ಎಷ್ಟು ಎಂದು ಶುರು ಮಾಡುತ್ತಾರೆ. ಯಾರೋ ಹೇಳಿದ್ದನ್ನು ಕಾಗದದಲ್ಲಿ ಬರೆದುಕೊಂಡು ಬಂದಿರುತ್ತಾರೆ. ನಾನು ಆ ಕಾಗದ ಮಡಚಿಡಿ ಅನ್ನುತ್ತೇನೆ. "ಏನ್ ಕೆಲಸಕ್ಕೆ ಬೇಕು? ಬೆಳಗ್ಗೆ ಕೂತ್ರೆ ಸಂಜೆವರೆಗೆ ಏನೇನ್ ಮಾಡ್ತೀರಿ, ಅದನ್ನ ಹೇಳಿ" ಅನ್ನುತ್ತೇನೆ. ಅವರು ಹೇಳುತ್ತಾರೆ, ನಾನು ಕೇಳುತ್ತೇನೆ. ಹೌದು, ನಗಬೇಡ, ಅಂಗಡಿಯಲ್ಲಿ ನಾನು ಕೇಳುತ್ತೇನೆ. ಅವರು ಹೇಳಿದ ಕೆಲಸವನ್ನು ಒಂದು ಚೀಟಿಯಲ್ಲಿ ಬರೆದು, ಕಟ್ಟಿ ಮುಗಿದ ಮೇಲೆ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲಿನ ಒಳಮೈಗೆ ಅಂಟಿಸುತ್ತೇನೆ. ಮುಂದೆ ರಿಪೇರಿಗೆ ಬಂದಾಗ ಇದನ್ನು ಯಾಕೆ ಹೀಗೆ ಕಟ್ಟಿದೆ ಎಂದು ನನಗೇ ನೆನಪಾಗಲಿ ಅಂತ. ಹಲ್ಲಿನ ಡಾಕ್ಟರರ ಚೀಟಿಯಲ್ಲಿ "ಎಕ್ಸ್‌ರೇ ದೊಡ್ಡದಾಗಿ ನೋಡಬೇಕು, ಇಬ್ಬರು ಒಟ್ಟಿಗೆ" ಎಂದಿದೆ. ಹಾಡು ರೆಕಾರ್ಡ್ ಮಾಡುವ ಮೇಷ್ಟರ ಚೀಟಿಯಲ್ಲಿ "ಫ್ಯಾನಿನ ಸದ್ದು ಬರಲೇಬಾರದು" ಎಂದಿದೆ. ಇಪ್ಪತ್ತೆರಡು ವರ್ಷದಿಂದ ಒಂದೂ ಚೀಟಿ ತಪ್ಪಿಸಿಲ್ಲ ಎಂದು ನಾನು ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಶನಿವಾರ ಬೆಳಿಗ್ಗೆ ನಿನ್ನ ಕ್ಯಾಬಿನೆಟ್ ಬಿಚ್ಚಿದೆ. ಒಳಗೆ ದೂಳಿನ ಹೆಸರಿಲ್ಲ. ಗಿರಾಕಿಗಳಿಗೆಲ್ಲ ಮೂರು ತಿಂಗಳಿಗೊಮ್ಮೆ ಒಳಗಿನ ದೂಳು ಹೊಡೆಯಿರಿ ಎಂದು ಹೇಳುತ್ತೇನೆ. ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಒಬ್ಬರ ಪೆಟ್ಟಿಗೆಯಲ್ಲಿ ಇಲಿ ಸಂಸಾರ ಹೂಡಿತ್ತು. ನೀನು ಮಾತ್ರ ಪ್ರತಿ ಸಲ ದೂಳು ಹೊಡೆದ ತಾರೀಖನ್ನು ಬಾಗಿಲಿನ ಒಳಮೈಯಲ್ಲಿ ಪೆನ್ಸಿಲ್ಲಿನಿಂದ ಸಣ್ಣದಾಗಿ ಬರೆದಿಟ್ಟಿದ್ದೀಯ. ಎಣಿಸಿದೆ, ಇಪ್ಪತ್ತಮೂರು. ಆ ತಾರೀಖುಗಳು ಶುರುವಾಗುವುದು ನನ್ನ ಚೀಟಿಯ ಕೆಳಗಿನಿಂದ. ಚೀಟಿಯಲ್ಲಿ ನನ್ನದೇ ಕೈಬರಹದಲ್ಲಿ "ಮನೆ ಬಳಕೆಗೆ" ಎಂದಿದೆ.

ಅದನ್ನು ಓದಿ ಸ್ಕ್ರೂಡ್ರೈವರ್ ಕೆಳಗಿಟ್ಟೆ. ಇಡೀ ಊರಿಗೆ ಕೇಳಿದ ಪ್ರಶ್ನೆಯನ್ನು ನಿನಗೆ ನಾನು ಕೇಳಿರಲಿಲ್ಲ. ನೀನು ಏನು ಕೆಲಸ ಮಾಡುತ್ತೀಯೆಂದು ನನಗೆ ಗೊತ್ತೇ ಇದೆ ಅಂದುಕೊಂಡು, ನಾನೇ ಬರೆದು ನಾನೇ ಅಂಟಿಸಿಬಿಟ್ಟಿದ್ದೆ. ನೀನು ಇಪ್ಪತ್ತಮೂರು ಸಲ ಆ ಬಾಗಿಲು ತೆಗೆದು ಅದನ್ನು ಓದಿದ್ದೀಯ. ಒಂದು ಸಲವೂ ಕಿತ್ತೆಸೆಯಲಿಲ್ಲವಲ್ಲೇ. ನಾನಾಗಿದ್ದರೆ ಮೊದಲ ದಿನವೇ ಕಿತ್ತು, ಅಂಗಡಿಗೇ ತಂದು ಜಗಳ ಆಡಿರುತ್ತಿದ್ದೆ.

ಆ ದಿನ ಆಮೇಲೆ ಚೆನ್ನಾಗಿ ನೆನಪಾಯಿತು. ನಿನ್ನ ಮಗಳು ಶಾಲೆಗೆ ಸೇರಿದ ವರ್ಷ. ನಿನಗೂ ಕೈ ಸ್ವಲ್ಪ ಬಿಡುವಾಗಿತ್ತು. ಪೀಠೋಪಕರಣ ಮಾಡುವ ಬಡಗಿಯವರಿಗೆ ಅಡುಗೆಮನೆ, ಕಪಾಟು ಕಟ್ಟುವ ಮೊದಲೇ ಹೇಗಿರುತ್ತದೆ ಎಂದು ಚಿತ್ರ ಮಾಡಿಕೊಡುತ್ತೇನೆ, ಅದಕ್ಕೊಂದು ಕಂಪ್ಯೂಟರ್ ಬೇಕು ಅಂದಿದ್ದೆ. ನಾನು ತಂದು ಜೋಡಿಸಿ, ಪರದೆ ಹತ್ತಿದ ಮೇಲೆ ಬೆನ್ನು ತಟ್ಟಿಸಿಕೊಳ್ಳಲು ನಿಂತಿದ್ದೆ. ನೀನು ಮೆಲ್ಲಗೆ, "ಅಣ್ಣಾ, ಇದಕ್ಕೆ ಗ್ರಾಫಿಕ್ಸ್ ಕಾರ್ಡ್ ಹಾಕಿದ್ದೀಯಾ?" ಎಂದು ಕೇಳಿದೆ. ನಾನು ಜೋರಾಗಿ ನಕ್ಕೆ. "ನಿಂಗ್ಯಾಕೇ ಅದು? ಕೂತ್ಕೊಂಡು ಗುಂಡು ಹಾರಿಸೋ ಆಟ ಆಡ್ತೀಯಾ?" ಅಂದೆ. ಮನೆಯವರೆಲ್ಲ ನಕ್ಕರು. ನೀನೂ ನಕ್ಕೆ. ಆ ನಗುವಿನಲ್ಲಿ ಮಾತು ಮುಗಿದುಹೋಯಿತು.

ನೀನು ಅವತ್ತು ವಿವರಿಸಿ ಹೇಳು ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಹೇಳುತ್ತೇನೆ, ಕೇಳು. ಪ್ರೊಸೆಸರ್ ಎಂದರೆ ಲೆಕ್ಕ ಮಾಡುವ ತಲೆ. ಬಹಳ ಚುರುಕು, ಆದರೆ ನಿನಗೆ ನಾನು ಹಾಕಿದ್ದರಲ್ಲಿ ಅಂಥವು ನಾಲ್ಕೇ ನಾಲ್ಕು. ಮೆಮೊರಿ ಎಂದರೆ ಆ ತಲೆಗಳು ಕೆಲಸ ಹರವಿಕೊಳ್ಳುವ ಮೇಜು. ಮೇಜು ಚಿಕ್ಕದಾದರೆ ಒಂದನ್ನು ಎತ್ತಿಟ್ಟೇ ಇನ್ನೊಂದನ್ನು ಹರವಬೇಕು. ದಿನವೆಲ್ಲ ಎತ್ತಿಡುವುದರಲ್ಲೇ ಹೋಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಎಂದರೆ ಚಿತ್ರದ ಕೆಲಸಕ್ಕೇ ಕೂರಿಸಿದ ಸಾವಿರಾರು ಸಣ್ಣ ಕೆಲಸಗಾರರು. ಒಬ್ಬೊಬ್ಬರೂ ಅಂಥ ಜಾಣರೇನಲ್ಲ, ಆದರೆ ಎಲ್ಲರೂ ಒಟ್ಟಿಗೆ ಕೈ ಹಚ್ಚುತ್ತಾರೆ. ಆಟ ಆಡುವವರಿಗೆ ಬೇಕು, ನಿಜ. ಅವರಿಗಿಂತ ಹೆಚ್ಚಾಗಿ ಬೇಕಾದದ್ದು ಬೆಳಕು ಎಲ್ಲಿಂದ ಬಂದು ಯಾವ ಗೋಡೆಗೆ ತಾಗಿ ನೆಲದ ಮೇಲೆ ಹೇಗೆ ಬೀಳುತ್ತದೆ ಎಂದು ಚಿತ್ರದಲ್ಲಿ ತೋರಿಸಬೇಕಾದವರಿಗೆ. ಅಂದರೆ ನಿನಗೆ. ಎಂಟು ಜಿಬಿಯ ಒಂದೇ ಒಂದು ಮೆಮೊರಿ ಕಡ್ಡಿ ಚುಚ್ಚಿ, ಕಾರ್ಡಿನ ಜಾಗ ಖಾಲಿ ಬಿಟ್ಟು, ನಿನಗೆ ನಾನು ಕೊಟ್ಟದ್ದು ಬಿಲ್ಲು ಬರೆಯುವ ಮೆಶಿನು. ವಿಚಿತ್ರ ಕೇಳು, ನಮ್ಮ ಬೀದಿಯ ಪುಸ್ತಕದಂಗಡಿಯವರು ಬಿಲ್ಲಿಗೆ ಒಂದು ಹಳೆ ಕಂಪ್ಯೂಟರ್ ಬೇಕೆಂದು ಹೇಳಿಟ್ಟಿದ್ದಾರೆ. ನಿನ್ನದು ಅವರಿಗೆ ಹೇಳಿ ಮಾಡಿಸಿದಂತಿದೆ.

ಮಾರುವ ಮೊದಲು ಹಳಬರ ಫೈಲುಗಳನ್ನೆಲ್ಲ ಬೇರೆ ಡಿಸ್ಕಿಗೆ ತೆಗೆದಿಟ್ಟು ಒಳಗೆ ಅಳಿಸಬೇಕು, ಅದು ನಮ್ಮ ಅಂಗಡಿಯ ನಿಯಮ. ಹಾಗೆ ತೆಗೆಯುವಾಗ ಹೆಸರುಗಳನ್ನು ನೋಡಿದೆ. ಗಿರಾಕಿಗಳದ್ದಾದರೆ ನೋಡುವುದಿಲ್ಲ, ತಂಗಿಯದಲ್ಲವೇ ಎಂದು ನೋಡಿದೆ, ಬೈಯುವುದಾದರೆ ಬೈದುಕೋ. "ಅಡುಗೆಮನೆ ಕೊನೆಯದು", "ಅಡುಗೆಮನೆ ನಿಜವಾಗಿ ಕೊನೆಯದು", "ಅಡುಗೆಮನೆ ಇನ್ನು ಮುಟ್ಟಲ್ಲ", "ಅಡುಗೆಮನೆ ಇನ್ನು ಮುಟ್ಟಲ್ಲ ೨". ಒಬ್ಬನೇ ಕೂತು ನಕ್ಕೆ. ಆಮೇಲೆ ಬೇರೆ ಹೆಸರುಗಳು ಬಂದವು. "ಪರದೆ ತೆಗೆದದ್ದು". "ಪುಸ್ತಕ ಕಡಿಮೆ ಮಾಡಿದ್ದು". "ಎರಡು ಕುರ್ಚಿ ಬಿಟ್ಟದ್ದು". "ಹೊರಗೆ ಬಿಳಿ". ಪ್ರತಿಯೊಂದು ಕೆಲಸದಲ್ಲೂ ಕೊನೆಗೆ ಅದೊಂದು ಇದ್ದೇ ಇದೆ, "ಹೊರಗೆ ಬಿಳಿ".

ನನಗೆ ಒಂದು ಗಳಿಗೆ ಏನೂ ಹೊಳೆಯಲಿಲ್ಲ. ಒಂದೆರಡು ತೆರೆದು ನೋಡಿದೆ, ಮೊದಲು ಕಿಟಕಿಯಾಚೆ ಮರವಿದ್ದ ಜಾಗ ಕೊನೆಯದರಲ್ಲಿ ಬರೀ ಬಿಳಿ. ಮರ ಎಂದರೆ ಎಲೆಗಳು. ಲಕ್ಷಗಟ್ಟಲೆ ಎಲೆಗಳು, ಒಂದೊಂದಕ್ಕೂ ಒಂದು ನೆರಳು. ಅಷ್ಟು ಹರವಲು ನಾನು ಕೊಟ್ಟ ಮೇಜಿನಲ್ಲಿ ಜಾಗವಿರಲಿಲ್ಲ. ಅದಕ್ಕೇ ನೀನು ಮೊದಲು ಮನಸ್ಸಿನಲ್ಲಿದ್ದಂತೆ ಪೂರ್ತಿ ಮಾಡುತ್ತಿದ್ದೆ. ಮೆಶಿನು ತಡೆಯದೆ ನಿಂತುಹೋಗುತ್ತಿತ್ತು. ಆಮೇಲೆ ಒಂದೊಂದೇ ತೆಗೆಯುತ್ತ ಬರುತ್ತಿದ್ದೆ. ಪರದೆಯ ಮಡಿಕೆ, ಕಪಾಟಿನ ಪುಸ್ತಕ, ಚಾಪೆಯ ನೂಲು, ಕೊನೆಗೆ ಕಿಟಕಿಯಾಚೆಯ ಮರ. ಅದು ಒಪ್ಪುವ ತನಕ ಕೋಣೆ ಬರಿದು ಮಾಡುತ್ತಿದ್ದೆ. ಆರು ವರ್ಷ ನೀನು ಚಿತ್ರ ಬರೆದದ್ದಕ್ಕಿಂತ ಚಿತ್ರದಿಂದ ತೆಗೆದದ್ದೇ ಹೆಚ್ಚು.

ಇನ್ನೊಂದು ಮಾತು ಇದೆ. ಬರೆಯಲು ಕೈ ಹಿಂದೆ ಸರಿಯುತ್ತಿದೆ, ಆದರೂ ಬರೆಯುತ್ತೇನೆ. ಮೂರು ವರ್ಷದ ಹಿಂದೆ ನೀನು ನನ್ನನ್ನು ಕೇಳಿದ್ದೆ. "ಅಣ್ಣಾ, ಮರ ಹಾಕಿದ್ರೆ ನಿಂತೋಗುತ್ತೆ, ಯಾಕೆ?" ಅಂದಿದ್ದೆ. ಅಂಗಡಿಯಲ್ಲಿ ಜನ ಇದ್ದರು. ಎದ್ದು ಬಂದು ನೋಡುವ ಬದಲು, "ಅಂಥ ಕೆಲಸ ಎಲ್ಲ ಕಂಪ್ಯೂಟರಲ್ಲೂ ಹಂಗೇನೇ. ತಾಳ್ಮೆ ಬೇಕು ಕಣೇ" ಅಂದುಬಿಟ್ಟೆ. ಸುಳ್ಳು. ಸುಳ್ಳೆಂದು ನನಗೆ ಆಗಲೇ ಗೊತ್ತಿತ್ತು ಎಂದರೂ ತಪ್ಪಿಲ್ಲ. ಒಂದು ನಿಮಿಷ ಯೋಚಿಸಿದ್ದರೆ ಗೊತ್ತಾಗುತ್ತಿತ್ತು. ಕಂಪ್ಯೂಟರ್ ವಿಷಯದಲ್ಲಿ ಅಣ್ಣ ಹೇಳಿದ್ದೇ ಸರಿ ಎಂದು ನೀನು ನಂಬಿದೆ. ಎಲ್ಲರಿಗೂ ಹೀಗೇ, ಉಳಿದವರು ಇದರಲ್ಲೇ ಚೆನ್ನಾಗಿ ಮಾಡುತ್ತಾರೆ, ನನಗೆ ಮಾತ್ರ ಆಗುತ್ತಿಲ್ಲ ಎಂದು ನಂಬಿದೆ.

ಶನಿವಾರ ಹತ್ತೂವರೆಗೆ ನಿನ್ನ ಒಂದು ಚಿತ್ರವನ್ನು ನಿನ್ನ ಮೆಶಿನಿನಲ್ಲೇ ಓಡಿಸಿದೆ, ಬೆಳಕು ನೆರಳನ್ನೆಲ್ಲ ಲೆಕ್ಕ ಹಾಕಿ ಅದು ಪೂರ್ತಿ ಚಿತ್ರ ಮೂಡಿಸಲಿ ಎಂದು. ಮರ ಇಲ್ಲದ್ದು, ಒಂದು ಸಣ್ಣ ಓದುವ ಕೋಣೆ. ಪರದೆಯ ಮೂಲೆಯಲ್ಲಿ ಒಂದು ಚೌಕ ತುಂಬಿತು. ನಾನು ಒಬ್ಬರ ಲ್ಯಾಪ್‌ಟಾಪ್ ರಿಪೇರಿ ಮುಗಿಸಿದೆ, ಇಬ್ಬರಿಗೆ ಕೇಬಲ್ ಕೊಟ್ಟೆ, ಊಟ ಮಾಡಿ ಬಂದೆ. ಇನ್ನೂ ಚೌಕಗಳು ಒಂದೊಂದೇ ತುಂಬುತ್ತಿದ್ದವು. ಮುಗಿದಾಗ ಮೂರು ಗಂಟೆ ದಾಟಿತ್ತು. ನಾಲ್ಕು ಗಂಟೆ ನಲವತ್ತು ನಿಮಿಷ, ಒಂದು ಚಿತ್ರಕ್ಕೆ. ಗೋಡೆಯ ಬಣ್ಣ ಒಂದಿಷ್ಟು ತಿಳಿಯಾಗಬೇಕು ಅಂದರೆ ಮತ್ತೆ ಮೊದಲಿಂದ. ನೀನು ಚಿತ್ರ ಓಡಲು ಬಿಟ್ಟಿದ್ದಾಗ ಯಾರಾದರೂ ಮೇಜು ತಾಗಿಸಿದರೆ ಕಿರುಚಿಕೊಳ್ಳುತ್ತಿದ್ದೆಯಲ್ಲ, ಪ್ಲಗ್ ಹತ್ತಿರ ಹೋದ ಭಾವನವರನ್ನು ಹುಲಿ ಬಂದಂತೆ ಅಟ್ಟುತ್ತಿದ್ದೆಯಲ್ಲ, ಅದನ್ನು ಅಣಕಿಸಿ ಮದುವೆ ಮನೆಯಲ್ಲಿ ಹತ್ತು ಜನರನ್ನು ನಗಿಸಿದವನು ನಾನು. ನಾಲ್ಕು ಗಂಟೆ ನಲವತ್ತು ನಿಮಿಷ ಕಾಯುವಾಗ ಯಾರಾದರೂ ನನ್ನ ಮೇಜು ತಾಗಿಸಿದ್ದರೆ ನಾನು ಏನು ಮಾಡುತ್ತಿದ್ದೆನೋ.

ಭಾನುವಾರ ಭಾವನವರಿಗೆ ಫೋನ್ ಮಾಡಿದೆ. ಈ ಸಲ ಅವರು ಹೇಳಿದ್ದನ್ನು ಕೇಳಿಸಿಕೊಂಡೆ. ಆ ಓದುವ ಕೋಣೆ ಆಸ್ಪತ್ರೆಯ ಮಕ್ಕಳ ವಿಭಾಗಕ್ಕಂತೆ. ಬಡಗಿಯವರು ನಿನ್ನ ಹೆಸರು ಹೇಳಿ, ಐದಾರು ಜನರ ಚಿತ್ರಗಳ ಜೊತೆ ನಿನ್ನದನ್ನೂ ತರಿಸಿಕೊಂಡರಂತೆ. ಎರಡು ತಿಂಗಳು ಅದಕ್ಕೇ ಕೂತಿದ್ದೆಯಂತೆ. ಅಲ್ಲಿನ ದೊಡ್ಡ ಡಾಕ್ಟರಮ್ಮ ನಿನ್ನ ಚಿತ್ರವನ್ನು ಬಹಳ ಹೊತ್ತು ನೋಡಿ, "ಕೋಣೆ ಚೆನ್ನಾಗಿದೆ. ಆದ್ರೆ ಯಾಕೋ ಉಸಿರು ಕಟ್ಟುತ್ತೆ. ತಿಂಗಳಾನುಗಟ್ಟಲೆ ಮಲಗಿರೋ ಮಕ್ಕಳಮ್ಮಾ, ಇಲ್ಲಿ ಕೂತು ಹೊರಗೆ ಏನು ನೋಡ್ಬೇಕು?" ಎಂದು ಕೇಳಿದರಂತೆ. ನೀನು ಎದ್ದು ಬಂದುಬಿಟ್ಟೆಯಂತೆ. ಮನೆಗೆ ಬಂದು, "ನನ್ನ ಚಿತ್ರದಲ್ಲಿ ಜೀವ ಇಲ್ಲ ರೀ. ಇಷ್ಟು ವರ್ಷ ಸುಮ್ನೆ ಆಟ ಆಡ್ದೆ" ಎಂದು ಹೊದಿಕೆ ತಂದು ಕಂಪ್ಯೂಟರಿಗೆ ಸುತ್ತಿದೆಯಂತೆ. ಶುಕ್ರವಾರ ಬಾಗಿಲಲ್ಲಿ ನಿಂತು ಅವರು ಹೇಳಬೇಕೆಂದಿದ್ದದ್ದು ಇದು.

ಗೀಚಿ, ಈ ಕಾಗದದಲ್ಲಿ ಬೇರೆ ಏನನ್ನು ಮರೆತರೂ ಇದನ್ನು ಮರೆಯಬೇಡ. ಆ ಬಿಳಿ ನಿನ್ನದಲ್ಲ. ನಿನ್ನ ಕಣ್ಣಿನ ತಪ್ಪಲ್ಲ, ಕೈಯ ತಪ್ಪಲ್ಲ. ಡಾಕ್ಟರಮ್ಮ ಉಸಿರು ಕಟ್ಟುತ್ತದೆ ಅಂದರಲ್ಲ, ಆ ಕಿಟಕಿಗೆ ಗೋಡೆ ಕಟ್ಟಿದವನು ನಾನು. ಆಟ ಆಡಿದೆ ಎಂದೆಯಂತೆ. ಆ ಮಾತು ನಿನ್ನ ಬಾಯಿಗೆ ಎಲ್ಲಿಂದ ಬಂತು ಎಂದು ನನಗೆ ಗೊತ್ತು. ಆರು ವರ್ಷದ ಹಿಂದೆ ಅದನ್ನು ನಗುನಗುತ್ತ ನಿನಗೆ ಕೊಟ್ಟವನೂ ನಾನೇ. ನನ್ನನ್ನು ಕ್ಷಮಿಸು ಎಂದು ಬರೆಯುವುದು ಸುಲಭ. ನೀನು ಕ್ಷಮಿಸುವುದು ಅದಕ್ಕಿಂತ ಸುಲಭ, ಅದೇ ನಿನ್ನ ತೊಂದರೆ. ಆದ್ದರಿಂದ ಅದನ್ನು ಆಮೇಲೆ ನೋಡೋಣ.

ಅಂಗಡಿಯಲ್ಲಿ ಹೊಸ ಮೆಶಿನು ಪರೀಕ್ಷಿಸಲು ಒಂದು ಬೆಂಚು ಇದೆ. ಅದರ ಮೇಲೆ ಒಂದು ದೊಡ್ಡ ಕಂಪ್ಯೂಟರ್ ತೆರೆದೇ ಇರುತ್ತದೆ, ಅರವತ್ತನಾಲ್ಕು ಜಿಬಿ ಮೆಮೊರಿ, ಹದಿನಾರು ತಲೆಯ ಪ್ರೊಸೆಸರ್, ಮೊಣಕೈಯುದ್ದದ ಗ್ರಾಫಿಕ್ಸ್ ಕಾರ್ಡ್. ಸೋಮವಾರ ಬೆಳಿಗ್ಗೆ ನಿನ್ನ ಫೈಲುಗಳಲ್ಲಿ ಹುಡುಕಿದೆ. ಆ ಓದುವ ಕೋಣೆಯ ಎಲ್ಲಕ್ಕಿಂತ ಮೊದಲನೆಯ ಫೈಲು ಹಾಗೆಯೇ ಇತ್ತು, ಏನೂ ತೆಗೆಯದ್ದು, ನಿನ್ನ ಮೆಶಿನಿನಲ್ಲಿ ಒಂದು ಸಲವೂ ಪೂರ್ತಿಯಾಗದ್ದು. ಅದನ್ನು ಬೆಂಚಿನ ಮೆಶಿನಿಗೆ ಹಾಕಿ ಓಡಿಸಿದೆ. ಹನ್ನೊಂದು ನಿಮಿಷ. ಗಡಿಯಾರ ನೋಡಿ ಲೆಕ್ಕ ಹಾಕಿದ್ದೇನೆ, ಹನ್ನೊಂದೇ ನಿಮಿಷ.

ಏನು ಬಂತೆಂದು ಹೇಳುವುದಿಲ್ಲ. ಹೇಳಬಾರದು ಎಂದು ಆಮೇಲೆ ಅನ್ನಿಸಿತು. ಆ ಚಿತ್ರ ಪೂರ್ತಿಯಾಗಿ ಹೇಗಿದೆ ಎಂದು ಮಾಡಿದವಳಿಗೇ ಗೊತ್ತಿಲ್ಲ, ಅಡ್ಡಬಂದವನು ಮೊದಲು ನೋಡಿಬಿಟ್ಟ. ಅದೂ ಒಂದು ತಪ್ಪು, ಇದರ ಜೊತೆ ಸೇರಿಸಿಕೋ. ಮುಚ್ಚಿಬಿಟ್ಟೆ. ಯಾರಿಗೂ ತೋರಿಸಲಿಲ್ಲ, ಅಚ್ಚು ಹಾಕಲಿಲ್ಲ, ಭಾವನವರಿಗೂ ಹೇಳಲಿಲ್ಲ. ಒಂದಿಷ್ಟು ಹೊತ್ತು ಅಂಗಡಿಯ ಹೊರಗೆ ಹೋಗಿ ನಿಂತಿದ್ದೆ. ಎದುರಿನ ಕನ್ನಡಕದಂಗಡಿಯವರು, "ಏನಾಯ್ತ್ರೀ, ಕಣ್ಣು ಕೆಂಪಾಗಿದೆ?" ಅಂದರು. ದೂಳು ಅಂದೆ.

ಒಳಗೆ ಬಂದವನೇ ಕೈಗೆ ಫೋನ್ ತೆಗೆದುಕೊಂಡು ನಿನಗೆ ಹೊಸ ಮೆಶಿನು ಕಟ್ಟಲು ಸಾಮಾನು ಹೇಳತೊಡಗಿದೆ. ಸಗಟು ಅಂಗಡಿಯಲ್ಲಿ ಇದ್ದುದರಲ್ಲೇ ಅತಿ ದೊಡ್ಡ ಕಾರ್ಡು, ಅತಿ ದೊಡ್ಡ ಪ್ರೊಸೆಸರು, ನಾಲ್ಕು ಮೆಮೊರಿ ಕಡ್ಡಿ, ಗಾಜಿನ ಬಾಗಿಲಿನ ಕ್ಯಾಬಿನೆಟ್, ಒಳಗೆ ಬಣ್ಣಬಣ್ಣದ ದೀಪ. ಸಂಜೆಯೊಳಗೆ ಡಬ್ಬಿಗಳು ಬಂದವು. ಮನೆಗೆ ತಂದು ಊಟದ ಮೇಜಿನ ಮೇಲೆ ಜೋಡಿಸಿ, ನಿನ್ನ ಅತ್ತಿಗೆಯನ್ನು ಕರೆದು ಒಂದೊಂದನ್ನೂ ತೋರಿಸಿ, ಇದು ಇಷ್ಟು, ಅದು ಅಷ್ಟು ಎಂದು ಹೇಳುತ್ತಲೇ ಇದ್ದೆ. ಪ್ರಾಯಶ್ಚಿತ್ತ ಮಾಡಿಕೊಂಡ ಸಂಭ್ರಮ. ಅವಳು ಕೈಯೊರೆಸಿಕೊಂಡು ಬಂದು ಎಲ್ಲ ಕೇಳಿದಳು. ಆಮೇಲೆ, "ರೀ, ಇದನ್ನಾದ್ರೂ ಅವಳನ್ನ ಕೇಳಿ ತಂದ್ರಾ?" ಅಂದಳು.

ಕೈಯಲ್ಲಿದ್ದ ಕಾರ್ಡಿನ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಕುರ್ಚಿ ಎಳೆದು ಕೂತೆ. ಆಗ ನಿನ್ನ ಕೆಲಸ ಚಿಕ್ಕದೆಂದು ಕೇಳದೆ ಚಿಕ್ಕದು ಕೊಟ್ಟೆ, ಈಗ ನನ್ನ ತಪ್ಪು ದೊಡ್ಡದೆಂದು ಕೇಳದೆ ದೊಡ್ಡದು ತಂದೆ. ಎರಡು ಸಲವೂ ಅಳೆದದ್ದು ನನ್ನನ್ನು ನಾನು. ಆ ಕಾರ್ಡು ನಿನ್ನ ಮೇಜಿನ ಕೆಳಗೆ ಹಿಡಿಯುತ್ತದೋ ಇಲ್ಲವೋ ನೋಡಿಲ್ಲ. ಅದರ ಫ್ಯಾನು ಮಗಳು ಓದುವ ಹೊತ್ತಿನಲ್ಲಿ ಎಷ್ಟು ಸದ್ದು ಮಾಡುತ್ತದೆಂದು ಯೋಚಿಸಿಲ್ಲ. ನಿನಗೆ ಬಣ್ಣದ ದೀಪ ಕಂಡರೆ ತಲೆನೋವು ಎಂದು ನಿನ್ನ ಅತ್ತಿಗೆ ನೆನಪಿಸಿದ ಮೇಲೆ ನೆನಪಾಯಿತು. ಎಲ್ಲಕ್ಕಿಂತ ಮೊದಲು, ನೀನು ಮತ್ತೆ ಚಿತ್ರ ಮಾಡುತ್ತೀಯಾ ಎಂದೇ ನಾನು ಕೇಳಿಲ್ಲ.

ಡಬ್ಬಿಗಳನ್ನು ಒಡೆದಿಲ್ಲ. ವಾಪಸ್ ಕೊಡಲು ಹತ್ತು ದಿನ ಸಮಯ ಇದೆ. ಪುಸ್ತಕದಂಗಡಿಯವರಿಗೂ ಸ್ವಲ್ಪ ತಾಳಿ ಎಂದಿದ್ದೇನೆ. ಇಪ್ಪತ್ತೆರಡು ವರ್ಷದಿಂದ ಯಾರು ಬಂದರೂ ಅವರ ಮಾತು ಕೇಳಿದ ಎರಡೇ ನಿಮಿಷದಲ್ಲಿ ಇಂಥದ್ದು ತಗೊಳ್ಳಿ ಎಂದು ಹೇಳಿಬಿಡುತ್ತಿದ್ದೆ. ನಿನಗೆ ಯಾವ ಪ್ರೊಸೆಸರ್, ಎಷ್ಟು ಮೆಮೊರಿ, ಯಾವ ಕಾರ್ಡು ಎಂದು ನಿನ್ನೆ ರಾತ್ರಿಯಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ, ಗೊತ್ತಾಗುತ್ತಿಲ್ಲ. ಒಂದೇ ಕಾರಣ, ನಿನ್ನ ದಿನ ಹೇಗಿರುತ್ತದೆ ಎಂದು ನನಗೆ ಗೊತ್ತಿಲ್ಲ. ಎಷ್ಟು ಹೊತ್ತಿಗೆ ಕೂರುತ್ತೀಯ, ಒಂದು ಕೋಣೆಯಲ್ಲಿ ಮೊದಲು ಏನು ಇಡುತ್ತೀಯ, ಬೆಳಕು ಯಾವ ಕಡೆಯಿಂದ ಬರಲಿ ಎಂದು ಹೇಗೆ ನಿಶ್ಚಯಿಸುತ್ತೀಯ, ಬೇಸರವಾದಾಗ ಏನು ಮಾಡುತ್ತೀಯ. ಒಡಹುಟ್ಟಿದವಳ ಬಗ್ಗೆ ಇಷ್ಟೂ ತಿಳಿದಿಲ್ಲವಲ್ಲ ಎಂದು ನಾಚಿಕೆಯಾಗುತ್ತದೆ.

ನಾಡಿದ್ದು ಗುರುವಾರ ಅಂಗಡಿಗೆ ವಾರದ ರಜೆ. ಹತ್ತು ಗಂಟೆಗೆ ಷಟರ್ ಅರ್ಧ ಎತ್ತಿಟ್ಟಿರುತ್ತೇನೆ, ಬೇರೆ ಯಾರೂ ಇರುವುದಿಲ್ಲ. ಬಂದು ನನ್ನ ಕುರ್ಚಿಯಲ್ಲಿ ಕೂತ್ಕೋ. ನಾನು ಸ್ಟೂಲಿನ ಮೇಲೆ ಕೂರುತ್ತೇನೆ. ಹೇಳುವುದನ್ನೆಲ್ಲ ಹೇಳು. ಬೈಯುವುದೂ ಅದರಲ್ಲೇ ಬರಲಿ. ಎಲ್ಲ ಹೇಳಿಯೂ ಕೊನೆಗೆ ಮಾರಿಬಿಡು ಅಣ್ಣಾ ಅಂದರೆ, ಅವತ್ತೇ ಮಾರುತ್ತೇನೆ. ಯಾಕೆ ಎಂದು ಕೇಳುವುದಿಲ್ಲ, ಭಾವನವರಿಂದ ಒತ್ತಾಯವನ್ನೂ ಮಾಡಿಸುವುದಿಲ್ಲ. ಆ ಮಾತನ್ನು ಹೊದಿಕೆಯಲ್ಲಿ ಸುತ್ತಿ ಕಳಿಸಬೇಡ, ನನ್ನ ಮುಖ ನೋಡಿ ಹೇಳು, ಅಷ್ಟೇ.

ನಿರ್ಧಾರಕ್ಕೆ ಮೊದಲು ಒಂದೇ ಒಂದು ಕೇಳಿಕೆ. ನಿನ್ನ ಮೊದಲನೆಯ ಫೈಲನ್ನು ಬೆಂಚಿನ ಮೆಶಿನಿನಲ್ಲಿ ನೀನೇ ಓಡಿಸು. ಗುಂಡಿ ನೀನೇ ಒತ್ತು. ಹನ್ನೊಂದು ನಿಮಿಷ ಹಿಡಿಯುತ್ತದೆ. ಇದು ಇಂಥ ಕಾರ್ಡು, ಅದಕ್ಕೇ ಹೀಗೆ ಓಡುತ್ತದೆ ಎಂದು ನಾನು ಪಕ್ಕದಲ್ಲಿ ಕೊರೆಯುವುದಿಲ್ಲ. ಚೆನ್ನಾಗಿದೆ ಎಂದು ಕೂಡ ಅನ್ನುವುದಿಲ್ಲ. ಚೌಕಗಳು ತುಂಬುತ್ತ ಬರುವಾಗ ನೀನು ನೋಡು, ನಾನು ನಿನ್ನನ್ನು ನೋಡಿಕೊಂಡು ಬಾಯಿ ಮುಚ್ಚಿ ಕೂತಿರುತ್ತೇನೆ. ಹನ್ನೊಂದು ನಿಮಿಷ ಸುಮ್ಮನಿರುವುದು ನನ್ನ ಕೈಲಾಗುತ್ತದೆಯೇ ಎಂದು ನಿನಗೆ ಅನುಮಾನವಿರಬಹುದು. ನಿನ್ನೆಯಿಂದ ಅಭ್ಯಾಸ ಮಾಡುತ್ತಿದ್ದೇನೆ.

ನೀನು ಮನಸ್ಸಿನಲ್ಲಿ ಕಂಡದ್ದೆಲ್ಲ, ಒಂದು ಎಲೆಯೂ ಕಡಿಮೆಯಾಗದೆ, ನಿನ್ನ ಕಣ್ಣೆದುರು ಬಂದು ನಿಲ್ಲಲಿ. ಚೆನ್ನಾಗಿರು ತಾಯಿ.

ಗುರುವಾರ ನಿನ್ನ ಮಾತು ಕೇಳಲು ಕೂತಿರುವ,
ನಿನ್ನ ಅಣ್ಣ